ಸೈಕಲ್ ಅಂಗಡಿಯಿಂದ ನೇಗಿಲಿನವರೆಗೆ

ನಮ್ಮ ಇಳಕಲ್, ಹುನಗುಂದ ಕಡೆ ಮನೆ ಮುಂದಿನ ಪತ್ರಾಸ್ ಶೆಡ್ಡಿನಲ್ಲೇ ಬೈಕಿನ ಎಂಜಿನ್ ಬಿಚ್ಚಿ, ಬೇಕಾದ ಬುಶ್, ಬ್ರಾಕೆಟ್ಟುಗಳನ್ನು ತಾವೇ ಮಾಡಿಕೊಂಡು, ಅವಕ್ಕೆ ನಿಕಲ್ ಹೊಳಪು ಕೊಡಿಸುವ ಹುಡುಗರಿದ್ದಾರೆ. ಮನೆಯವರ ಕಣ್ಣಿಗೆ ಅದು ಕೆಲಸವಿಲ್ಲದವರ ಕೆಲಸ. ಅವರನ್ನು ನೋಡಿದಾಗಲೆಲ್ಲ ನನಗೆ ಲಕ್ಷ್ಮಣರಾವ್ ಕಿರ್ಲೋಸ್ಕರ್ ನೆನಪಾಗುತ್ತಾರೆ. ಪಂಪ್‌ಸೆಟ್ಟಿನ ಮೇಲೆ ಈ ಹೆಸರು ಓದದ ರೈತರಿಲ್ಲ. ಆದರೆ ಅವರು ನಮ್ಮ ಪಕ್ಕದ ಸೀಮೆಯವರೆಂದು ಎಷ್ಟೋ ಜನರಿಗೆ ಗೊತ್ತಿಲ್ಲ.

ಅವರು ಹುಟ್ಟಿದ್ದು 1869ರ ಜೂನ್ 20ರಂದು, ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ. ಬಾದಾಮಿ, ಹುನಗುಂದ ತಾಲ್ಲೂಕು ದಾಟಿ ಕೂಡಲಸಂಗಮ ಸೇರುವ ಮಲಪ್ರಭೆ ಹರಿದು ಬರುವುದು ಆ ಸೀಮೆಯಿಂದಲೇ. ಹುಡುಗನಿಗೆ ಓದಿಗಿಂತ ಚಿತ್ರ ಮತ್ತು ಯಂತ್ರದ ಹುಚ್ಚು. ಅಣ್ಣ ರಾಮಣ್ಣನ ಬೆಂಬಲದಿಂದ ಮುಂಬೈಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ತಿಳಿಯಿತು, ಕಣ್ಣು ಕೆಲವು ಬಣ್ಣಗಳನ್ನು ಗುರುತಿಸುತ್ತಿರಲಿಲ್ಲ. ಕುಂಚ ಬಿಟ್ಟು ಯಂತ್ರಗಳ ರೇಖಾಚಿತ್ರ ಕಲಿತು, ಅದೇ ಊರಿನ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ವರ್ಕ್‌ಶಾಪಿನ ಯಂತ್ರಗಳನ್ನು ಬಿಚ್ಚಿ ಜೋಡಿಸುತ್ತ, ಅಮೆರಿಕದ ಯಂತ್ರಪತ್ರಿಕೆಗಳನ್ನು ಓದುತ್ತ ಕಲಿತದ್ದೇ ಅವರ ಎಂಜಿನಿಯರಿಂಗ್. ಡಿಗ್ರಿ ಇರಲಿಲ್ಲ.

1888ರಲ್ಲಿ ಅಣ್ಣ–ತಮ್ಮ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ತೆರೆದರು. ತಮ್ಮ ಮುಂಬೈಯಿಂದ ಸೈಕಲ್ ಕಳಿಸುವುದು, ಅಣ್ಣ ಮಾರುವುದು. ಮುಂದೆ ಮುಂಬೈಯಲ್ಲಿ ತಮಗೆ ಸಿಗಬೇಕಿದ್ದ ಬಡ್ತಿ ಬೇರೆಯವರ ಪಾಲಾದಾಗ ಲಕ್ಷ್ಮಣರಾವ್ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಸರ್ಕಾರಿ ನೌಕರಿಗೆ ಕಾಯುತ್ತಿರುವ ನಮಗೆ ಆ ರಾಜೀನಾಮೆ ಎಷ್ಟು ಭಾರದ್ದೆಂದು ವಿವರಿಸಬೇಕಿಲ್ಲ.

ಸಣ್ಣ ಲೇಥು, ಕೊರೆಯುವ ಯಂತ್ರ, ಸಾಣೆ ಇಟ್ಟುಕೊಂಡು ಮೊದಲು ಮೇವು ಕತ್ತರಿಸುವ ಯಂತ್ರ ಮಾಡಿದರು, ನಂತರ ಕಬ್ಬಿಣದ ನೇಗಿಲು. ನೇಗಿಲು ಎಂದರೆ ಸುಲಭವೆಂದುಕೊಳ್ಳಬೇಡಿ. ಎರಕದ ಕಬ್ಬಿಣ ಗಟ್ಟಿಯಾದಷ್ಟೂ ಪೆಡಸು. ಎರೆಮಣ್ಣಿನಲ್ಲಿ ಕಲ್ಲು ತಾಗಿದರೆ ಮುರಿಯಬಾರದು, ಹಾಗೆಂದು ಮೆತ್ತಗಿದ್ದರೆ ತುದಿ ಬೇಗ ಸವೆಯುತ್ತದೆ. ಸವೆದ ತುದಿಯನ್ನು ರೈತನೇ ಬದಲಿಸುವಂತಿದ್ದರೆ ಮಾತ್ರ ಅದು ಹೊಲದಲ್ಲಿ ಬಾಳುತ್ತದೆ. ಇದಕ್ಕಿಂತ ದೊಡ್ಡ ತೊಡಕು ನಂಬಿಕೆಯದ್ದು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುತ್ತದೆಂದು ರೈತರು ಹೆದರಿದರು. ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷ ಬೇಕಾಯಿತು. ರೈತರನ್ನು ನಾನು ದೂರುವುದಿಲ್ಲ. ಒಂದು ಹಂಗಾಮು ತಪ್ಪಿದರೆ ಉಪವಾಸ ಬೀಳುವವರು ಅವರೇ ತಾನೇ?

ಅಷ್ಟರಲ್ಲಿ ಹೊಸ ಬಡಾವಣೆಗಾಗಿ ಜಾಗ ತೆರವು ಮಾಡಬೇಕೆಂದು ಬೆಳಗಾವಿಯ ಪುರಸಭೆ ಹೇಳಿತು. ಕಾರ್ಖಾನೆ ಬೀದಿಗೆ ಬಂತು. ಆಗ ಔಂಧ್ ಸಂಸ್ಥಾನದ ರಾಜ ಬಾಳಾಸಾಹೇಬ್ ಪಂತ್ ಪ್ರತಿನಿಧಿ ಜಮೀನನ್ನೂ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಸಿಕ್ಕಿದ್ದು ಕುಂಡಲ್ ರೋಡ್ ರೈಲು ನಿಲ್ದಾಣದ ಬಳಿ, ಪಾಪಾಸುಕಳ್ಳಿ ಬೆಳೆದು ನಾಗರಹಾವು ತುಂಬಿದ ಬಂಜರು. 1910ರಲ್ಲಿ ಅಲ್ಲಿಗೆ ಹೋಗಿ ಕಳ್ಳಿ ಕಡಿದು ಕಟ್ಟಿದ ಊರೇ ಕಿರ್ಲೋಸ್ಕರವಾಡಿ. ಅಣ್ಣನ ಆಸರೆ, ರಾಜನ ಸಾಲ ಇಲ್ಲದಿದ್ದರೆ ಈ ಕಥೆ ಬೆಳಗಾವಿಯಲ್ಲೇ ಮುಗಿಯುತ್ತಿತ್ತು. ಸ್ಫೂರ್ತಿ ಭಾಷಣ ಮಾಡುವವರು ಈ ಭಾಗ ಬಿಟ್ಟುಬಿಡುತ್ತಾರೆ, ನನಗೆ ಅದೇ ಮುಖ್ಯವೆನಿಸುತ್ತದೆ.

ಆ ಊರಿನಲ್ಲಿ ಅಸ್ಪೃಶ್ಯತೆಗೆ ಅವರು ಎಡೆ ಕೊಡಲಿಲ್ಲ. ಶಿಕ್ಷೆ ಅನುಭವಿಸಿ ಬಂದವರನ್ನೇ ರಾತ್ರಿ ಕಾವಲಿಗೆ ಇಟ್ಟುಕೊಂಡರು. ಮೊದಲ ಮಹಾಯುದ್ಧದಲ್ಲಿ ಕಬ್ಬಿಣ ಸಿಗದಾದಾಗ ಕೊಲ್ಹಾಪುರದ ಶಾಹೂ ಮಹಾರಾಜರು ಹಳೆಯ ಫಿರಂಗಿಗಳನ್ನು ಕೊಟ್ಟರು, ಅವು ಕರಗಿ ನೇಗಿಲಾದವು.

ನಂತರದ್ದು ವೇಗವಾಗಿ ನಡೆಯಿತು. 1920ರಲ್ಲಿ ಕಂಪನಿ ನೋಂದಣಿಯಾಯಿತು, ಪಂಪು ಬಂದವು. 1941ರಲ್ಲಿ ಹರಿಹರದಲ್ಲಿ ಲೇಥ್ ತಯಾರಿಸುವ ಮೈಸೂರು ಕಿರ್ಲೋಸ್ಕರ್ ಆರಂಭವಾಯಿತು. 1946ರಲ್ಲಿ ಪುಣೆಯಲ್ಲಿ ಆಯಿಲ್ ಎಂಜಿನ್, ಬೆಂಗಳೂರಿನಲ್ಲಿ ವಿದ್ಯುತ್ ಮೋಟಾರಿನ ಕಂಪನಿಗಳು ಶುರುವಾದವು. 1956ರ ಸೆಪ್ಟೆಂಬರ್ 26ರಂದು ಲಕ್ಷ್ಮಣರಾವ್ ತೀರಿಕೊಂಡರು. ಬೆಳಗಾವಿಗೆ ಹೋದಾಗ ಕೇಳಿ ನೋಡಿ, ಸೈಕಲ್ ಅಂಗಡಿಯಿದ್ದ ಆ ಬೀದಿಯನ್ನು ಇಂದಿಗೂ ಕಿರ್ಲೋಸ್ಕರ್ ರಸ್ತೆ ಎಂದೇ ಕರೆಯುತ್ತಾರೆ.