ಕವಿತೆಗೆಂದೇ ಪತ್ರಿಕೆ ತೆರೆದ ಹ್ಯಾರಿಯೆಟ್ ಮನ್ರೋ

ರವೀಂದ್ರನಾಥ ಠಾಕೂರರಿಗೆ ನೊಬೆಲ್ ಪ್ರಶಸ್ತಿ ಬಂದದ್ದು 1913ರ ನವೆಂಬರಿನಲ್ಲಿ. ಅದಕ್ಕೆ ಹನ್ನೊಂದು ತಿಂಗಳು ಮೊದಲೇ ಅಮೆರಿಕದ ಶಿಕಾಗೋ ನಗರದ ಪುಟ್ಟ ಮಾಸಪತ್ರಿಕೆಯೊಂದು ಗೀತಾಂಜಲಿಯ ಆರು ಕವಿತೆಗಳನ್ನು ಇಂಗ್ಲಿಷಿನಲ್ಲಿ ಅಚ್ಚು ಹಾಕಿತ್ತು. ಪತ್ರಿಕೆಯ ಹೆಸರು 'ಪೊಯೆಟ್ರಿ'. ಅದು ಅದರ ಮೂರನೆಯ ಸಂಚಿಕೆ. ಸಂಪಾದಕಿ ಹ್ಯಾರಿಯೆಟ್ ಮನ್ರೋ ಅವರಿಗೆ ಆಗ ವಯಸ್ಸು ಐವತ್ತು ದಾಟಿತ್ತು.

ಮನ್ರೋ ಹುಟ್ಟಿದ್ದು 1860ರ ಡಿಸೆಂಬರ್ 23ರಂದು, ಶಿಕಾಗೋದಲ್ಲೇ. ತಂದೆ ವಕೀಲರು. ಮನೆಯಲ್ಲಿ ಪುಸ್ತಕಗಳಿಗೆ ಕೊರತೆಯಿರಲಿಲ್ಲ. ಕವಿಯಾಗಬೇಕೆಂಬ ಹಂಬಲ ಚಿಕ್ಕಂದಿನಿಂದಲೂ ಇತ್ತು, ಆದರೆ ಕವಿತೆ ಹೊಟ್ಟೆ ತುಂಬಿಸಲಿಲ್ಲ. ಕೊಲಂಬಸ್ ಅಮೆರಿಕ ತಲುಪಿದ ನಾನೂರು ವರ್ಷಗಳ ನೆನಪಿನ ಶಿಕಾಗೋ ಜಾಗತಿಕ ಮೇಳಕ್ಕೆ ಅವರೊಂದು ದೀರ್ಘ ಕವಿತೆ ಬರೆದರು. 1892ರ ಅಕ್ಟೋಬರಿನ ಸಮಾರಂಭಕ್ಕೆ ಮೊದಲೇ ನ್ಯೂಯಾರ್ಕಿನ 'ವರ್ಲ್ಡ್' ಪತ್ರಿಕೆ ಅನುಮತಿಯಿಲ್ಲದೆ ಅದನ್ನು ಪ್ರಕಟಿಸಿಬಿಟ್ಟಿತು. ಮನ್ರೋ ಸುಮ್ಮನೆ ಕೂರಲಿಲ್ಲ, ನ್ಯಾಯಾಲಯಕ್ಕೆ ಹೋಗಿ 5,000 ಡಾಲರ್ ಪರಿಹಾರ ಪಡೆದರು. ಅದೇ ಕವಿತೆಯನ್ನು ಪುಸ್ತಿಕೆಯಾಗಿ ಮಾರಲು ಹೊರಟಾಗ ಮಾತ್ರ ಕೊಳ್ಳುವವರೇ ಇರಲಿಲ್ಲ. ಉಳಿದ ಪ್ರತಿಗಳು ಚಳಿಗಾಲದಲ್ಲಿ ಮನೆಯ ಒಲೆಗೆ ಸೌದೆಯಾದವು.

ಮುಂದೆ ಅವರು 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಗೆ ಕಲಾ ವಿಮರ್ಶೆ ಬರೆದರು. ಚಿತ್ರಕಾರರಿಗೆ, ಶಿಲ್ಪಿಗಳಿಗೆ ನಗರದ ಧನಿಕರು ಬಹುಮಾನ ಕೊಡುತ್ತಿದ್ದರು, ದೊಡ್ಡ ಕಟ್ಟಡಗಳನ್ನೇ ಕಟ್ಟಿಸಿಕೊಡುತ್ತಿದ್ದರು. ಕವಿಗೆ ಸಿಗುತ್ತಿದ್ದುದು ಮಾಸಿಕಗಳಲ್ಲಿ ಕತೆ ಮುಗಿದ ಮೇಲೆ ಖಾಲಿ ಉಳಿದ ಮೂಲೆ. ಈ ವ್ಯತ್ಯಾಸ ಅವರನ್ನು ಬಹಳ ಕಾಡಿತು.

1911ರಲ್ಲಿ ಸ್ನೇಹಿತ, ಲೇಖಕ ಹೋಬರ್ಟ್ ಚಾಟ್‌ಫೀಲ್ಡ್-ಟೇಲರ್ ಒಂದು ದಾರಿ ತೋರಿಸಿದರು. ನೂರು ಮಂದಿ ವರ್ಷಕ್ಕೆ ತಲಾ 50 ಡಾಲರಿನಂತೆ ಐದು ವರ್ಷ ಕೊಡಲು ಒಪ್ಪಿದರೆ ಪತ್ರಿಕೆ ನಡೆದೀತು. ಮನ್ರೋ ವಕೀಲರು, ವ್ಯಾಪಾರಿಗಳು, ಬ್ಯಾಂಕಿನವರ ಕಚೇರಿಗಳಿಗೆ ಒಬ್ಬರೇ ಅಲೆದರು. ಸಂಪಾದಕರು ಚಂದಾ ಪುಸ್ತಕ ಹಿಡಿದು ಮನೆ ಮನೆ ಸುತ್ತುವುದು ನಮ್ಮ ಕಿರುಪತ್ರಿಕೆಗಳ ಓದುಗರಿಗೆ ಗೊತ್ತಿರುವ ನೋಟವೇ. ಕೊನೆಗೆ ನೂರು ಹೆಸರುಗಳೂ ಆದವು. ಹಣ ಕೊಟ್ಟವರಿಗೆ ಕವಿತೆಯ ಆಯ್ಕೆಯಲ್ಲಿ ಮಾತಿರಲಿಲ್ಲ. ಕವಿತೆ ಅಚ್ಚಾದ ಪ್ರತಿಯೊಬ್ಬರಿಗೂ ಸಂಭಾವನೆ ಕೊಡಬೇಕೆಂಬುದು ಮೊದಲ ದಿನದಿಂದಲೇ ನಿಯಮ. ಸಂಪಾದಕಿಯೇ ಮೊದಲ ಎರಡು ವರ್ಷ ಸಂಬಳ ತೆಗೆದುಕೊಳ್ಳಲಿಲ್ಲ.

1912ರ ಅಕ್ಟೋಬರಿನಲ್ಲಿ ಮೊದಲ ಸಂಚಿಕೆ ಬಂತು. ಯಾವ ಪಂಥಕ್ಕೂ ಕಟ್ಟುಬೀಳುವುದಿಲ್ಲ, ಬಾಗಿಲು ಎಲ್ಲರಿಗೂ ತೆರೆದಿರುತ್ತದೆ ಎಂಬುದು ಪತ್ರಿಕೆಯ ಧೋರಣೆ. ಲಂಡನ್ನಿನಲ್ಲಿದ್ದ ತರುಣ ಕವಿ ಎಜ್ರಾ ಪೌಂಡ್ ವಿದೇಶಿ ಪ್ರತಿನಿಧಿಯಾದರು. ಠಾಕೂರರ ಕವಿತೆಗಳನ್ನು ಕಳುಹಿಸಿಕೊಟ್ಟವರು ಅವರೇ. ಆ ಹೊತ್ತಿಗೆ ಠಾಕೂರರು ಶಿಕಾಗೋದಿಂದ ಬಹಳ ದೂರವಿಲ್ಲದ ಅರ್ಬಾನಾದಲ್ಲೇ ಇದ್ದರು ಎಂಬುದು ವಿಚಿತ್ರ ಯೋಗಾಯೋಗ.

1914ರ ಮಾರ್ಚಿನಲ್ಲಿ ಕಾರ್ಲ್ ಸ್ಯಾಂಡ್‌ಬರ್ಗ್ ಎಂಬ ಹೆಸರಿಲ್ಲದ ಪತ್ರಕರ್ತನ ಶಿಕಾಗೋ ಕವಿತೆಗಳಿಗೆ ಸಂಚಿಕೆಯ ಮೊದಲ ಪುಟಗಳು ಸಿಕ್ಕವು. ಕಸಾಯಿಖಾನೆ, ಕೂಲಿಕಾರರು, ಬೀದಿಯ ಒರಟು ಮಾತು ಎಲ್ಲವೂ ಅದರಲ್ಲಿದ್ದವು. ಮರ್ಯಾದಸ್ಥ ವಿಮರ್ಶಕರು ಮೂಗು ಮುರಿದರು. ಮನ್ರೋ ಆ ವರ್ಷ 200 ಡಾಲರಿನ ಬಹುಮಾನವನ್ನೂ ಅವರಿಗೇ ಕೊಡಿಸಿದರು.

ಅವರ ಕಣ್ಣು ಯಾವಾಗಲೂ ಸರಿಯಾಗಿ ನೋಡಿತೆಂದಲ್ಲ. ಟಿ.ಎಸ್. ಎಲಿಯಟ್ ಬರೆದ 'ಪ್ರುಫ್ರಾಕ್' ಕವಿತೆಯನ್ನು ಪೌಂಡ್ 1914ರಲ್ಲೇ ಕಳುಹಿಸಿದ್ದರು. ಅದರ ಕೊನೆ ಮನ್ರೋಗೆ ಒಗ್ಗಲಿಲ್ಲ. ತಿಂಗಳುಗಟ್ಟಲೆ ಪತ್ರ ವ್ಯವಹಾರ, ಜಗಳ ನಡೆಯಿತು. ಅಂತೂ 1915ರ ಜೂನ್ ಸಂಚಿಕೆಯ ಹಿಂದಿನ ಪುಟಗಳಲ್ಲಿ ಅದು ಪ್ರಕಟವಾಯಿತು. ಆ ವರ್ಷದ ಬಹುಮಾನ ವೇಚೆಲ್ ಲಿಂಡ್ಸೆಗೆ ಹೋಯಿತು. ಅದೇ ವರ್ಷ ವ್ಯಾಲೆಸ್ ಸ್ಟೀವನ್ಸ್ ಕಳುಹಿಸಿದ ಎಂಟು ಪದ್ಯಭಾಗಗಳ ಕವಿತೆಯಲ್ಲಿ ಐದನ್ನಷ್ಟೇ ಉಳಿಸಿಕೊಂಡರು. ಇಂದು ಓದುವವರಿಗೆ ಇದು ದೊಡ್ಡ ತಪ್ಪಾಗಿಯೇ ಕಾಣುತ್ತದೆ. ಆದರೂ ಈ ಇಬ್ಬರು ಅಪರಿಚಿತರಿಗೆ ಪುಟ ಬಿಟ್ಟುಕೊಟ್ಟ ಪತ್ರಿಕೆ ಅದೇ ಎಂಬುದನ್ನು ಮರೆಯುವಂತಿಲ್ಲ. ಎಲಿಯಟ್ ತೆರೆದ ಆ ದಾರಿಯ ಪ್ರಭಾವ ನಾಲ್ಕು ದಶಕಗಳ ಬಳಿಕ ಗೋಪಾಲಕೃಷ್ಣ ಅಡಿಗರ ತನಕ, ಕನ್ನಡದ ನವ್ಯದ ತನಕ ಬಂತು. ಅಡಿಗರೂ 'ಸಾಕ್ಷಿ' ಎಂಬ ತಮ್ಮದೇ ಸಾಹಿತ್ಯ ಪತ್ರಿಕೆ ನಡೆಸಿದರು.

ಮೊದಲ ಐದು ವರ್ಷ ಮುಗಿದ ಮೇಲೂ ಪತ್ರಿಕೆ ನಿಲ್ಲಲಿಲ್ಲ. ಮಹಾಯುದ್ಧ ಬಂತು, 1929ರ ಆರ್ಥಿಕ ಕುಸಿತ ಬಂತು. ಮನ್ರೋ ಮತ್ತೆ ಮತ್ತೆ ದಾನಿಗಳ ಬಾಗಿಲು ತಟ್ಟಿ, ಇಪ್ಪತ್ತನಾಲ್ಕು ವರ್ಷ ಸಂಪಾದಕಿಯಾಗಿಯೇ ಇದ್ದರು. ಮದುವೆಯಾಗಲಿಲ್ಲ. ಪ್ರವಾಸ ಮತ್ತು ಬೆಟ್ಟ ಹತ್ತುವುದೆಂದರೆ ಪ್ರಾಣ. 1936ರಲ್ಲಿ, ಎಪ್ಪತ್ತೈದರ ವಯಸ್ಸಿನಲ್ಲಿ, ಬ್ಯೂನಸ್ ಐರಿಸ್‌ನ ಅಂತರರಾಷ್ಟ್ರೀಯ ಲೇಖಕರ ಸಮ್ಮೇಳನಕ್ಕೆ ಹೋದವರು ಮಾಚು ಪಿಚು ನೋಡಲು ಹೊರಟರು. ದಾರಿಯಲ್ಲಿ, ಪೆರು ದೇಶದ ಅರೆಕಿಪಾದಲ್ಲಿ, ಮೆದುಳಿನ ರಕ್ತಸ್ರಾವದಿಂದ ಸೆಪ್ಟೆಂಬರ್ 26ರಂದು ತೀರಿಕೊಂಡರು. ಅಲ್ಲೇ ಮಣ್ಣು ಮಾಡಿದರು.

ಪತ್ರಿಕೆ ನಡೆದೇ ಇತ್ತು, ಹಣದ ಪರದಾಟವೂ ನಡೆದೇ ಇತ್ತು. 2002ರಲ್ಲಿ ರೂತ್ ಲಿಲ್ಲಿ ಎಂಬ ಔಷಧ ಉದ್ಯಮದ ಮನೆತನದ ಮಹಿಳೆ ಸುಮಾರು 10 ಕೋಟಿ ಡಾಲರ್ ದಾನ ಘೋಷಿಸಿದರು. ಅವರು ಹಿಂದೆ ಈ ಪತ್ರಿಕೆಗೆ ಕವಿತೆಗಳನ್ನು ಕಳುಹಿಸಿದ್ದರು. ಅವೆಲ್ಲ ವಿಷಾದದ ಚೀಟಿಯೊಂದಿಗೆ ವಾಪಸು ಹೋಗಿದ್ದವು.