ಬಾಬಾಸಾಹೇಬರು ಬರೆದ ಅರ್ಜಿಗಳು



ಕಳೆದ ಭಾನುವಾರ ಮಂಡಕಳ್ಳಿಯಲ್ಲಿ ವಂದನೆ ಮುಗಿಸಿ ಟೀ ಕುಡಿಯುತ್ತಿದ್ದಾಗ ನಮ್ಮ ಬಳಗದ ತಂಗಿಯೊಬ್ಬಳು ಬ್ಯಾಗಿನಿಂದ ಒಂದು ಫೈಲ್ ತೆಗೆದಳು. ಎಂ.ಎಡ್. ಮುಗಿಸಿ ಶಾಲೆಯೊಂದರಲ್ಲಿ ಪಾಠ ಮಾಡುತ್ತಿದ್ದಾಳೆ. ಹೋದ ವರ್ಷ ಶಿಕ್ಷಣಶಾಸ್ತ್ರದಲ್ಲಿ ಪಿಎಚ್.ಡಿ.ಗೆ ಅರ್ಜಿ ಹಾಕಿದ್ದಳು. ಸಂದರ್ಶನದಲ್ಲಿ ಅವಳ ಸಂಶೋಧನಾ ಪ್ರಸ್ತಾವನೆಯನ್ನು ಐದು ನಿಮಿಷದಲ್ಲಿ ಪಕ್ಕಕ್ಕಿಟ್ಟರಂತೆ. ಈಗ ಮತ್ತೆ ಅರ್ಜಿ ಕರೆದಿದ್ದಾರೆ. ಹಾಕುವುದೋ ಬೇಡವೋ? ಮನೆಯಲ್ಲಿ ಇನ್ನೆಷ್ಟು ದಿನ ಓದು ಎನ್ನುತ್ತಿದ್ದಾರೆ. ಅಂದು ನಾವ್ಯಾರೂ ಅವಳಿಗೆ ಸರಿಯಾದ ಉತ್ತರ ಕೊಡಲಿಲ್ಲ. ಮನೆಗೆ ಬಂದ ಮೇಲೆ ನೆನಪಾದದ್ದನ್ನು ಇಂದು ಬರೆಯುತ್ತಿದ್ದೇನೆ.

ಬಾಬಾಸಾಹೇಬರ ಫೋಟೋದ ಕೆಳಗೆ ಎಂ.ಎ., ಪಿಎಚ್.ಡಿ., ಡಿ.ಎಸ್ಸಿ., ಬಾರ್-ಅಟ್-ಲಾ ಎಂದು ಒಂದೇ ಸಾಲಿನಲ್ಲಿ ಬರೆಸುತ್ತೇವೆ. ಆ ಸಾಲಿನ ಒಂದೊಂದು ಕಾಮಾ ನಡುವೆ ಎಷ್ಟು ವರ್ಷಗಳಿವೆ, ಎಷ್ಟು ಅರ್ಜಿಗಳಿವೆ ಎಂದು ನೋಡುವುದು ಕಡಿಮೆ.

1913ರ ಫೆಬ್ರವರಿಯಲ್ಲಿ ತಂದೆ ರಾಮ್‌ಜಿ ಸಕ್ಪಾಲರು ತೀರಿಕೊಂಡರು. ಅದೇ ವರ್ಷ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನ ಸಿಕ್ಕಿತು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಓದು ಮುಗಿದ ಮೇಲೆ ಹತ್ತು ವರ್ಷ ಬರೋಡ ಸಂಸ್ಥಾನದ ಸೇವೆ ಮಾಡುತ್ತೇನೆಂದು ಕರಾರು ಬರೆದುಕೊಟ್ಟೇ ಹಡಗು ಹತ್ತಿದರು. ಆಗ ಅವರಿಗೆ 22 ವರ್ಷ.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅವರ ಮುಖ್ಯ ವಿಷಯ ಅರ್ಥಶಾಸ್ತ್ರ, ಗುರುಗಳು ಸೆಲಿಗ್‌ಮನ್. ಆದರೂ ಜಾನ್ ಡ್ಯೂಯಿಯವರ ತರಗತಿಗೂ ಹೋಗಿ ಕೂರುತ್ತಿದ್ದರು. ಬಿ.ಎಡ್. ಓದಿದವರಿಗೆಲ್ಲ ಡ್ಯೂಯಿ ಪರೀಕ್ಷೆಯ ಪ್ರಶ್ನೆಯಾಗಿ ಗೊತ್ತು. ಬಾಬಾಸಾಹೇಬರು ಎದುರಿಗೆ ಕೂತು ಕೇಳಿದವರು. ನಮ್ಮ ತಂಗಿಗೆ ಇದನ್ನು ಹೇಳಬೇಕು ಅನಿಸಿತು. 1915ರಲ್ಲಿ ಎಂ.ಎ. ಆಯಿತು. 1916ರಲ್ಲಿ ಪಿಎಚ್.ಡಿ. ಪ್ರಬಂಧ ಒಪ್ಪಿಸಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು, ಜೊತೆಗೆ ಗ್ರೇಸ್ ಇನ್‌ನಲ್ಲಿ ಕಾನೂನು.

1917ರಲ್ಲಿ ವಿದ್ಯಾರ್ಥಿವೇತನ ಮುಗಿಯಿತು, ಊರಿಗೆ ವಾಪಸು ಬರಬೇಕಾಯಿತು. ಓದು ಅರ್ಧಕ್ಕೆ ನಿಂತಿದೆ. ಕೈಯಲ್ಲಿ ಕಾಸಿಲ್ಲ, ಜೊತೆಗೆ ಮಹಾಯುದ್ಧದ ಕಾಲ. ಆ ಸ್ಥಿತಿಯಲ್ಲೂ ಅವರು ಒಂದು ಕೆಲಸ ಮರೆಯಲಿಲ್ಲ. ನಾಲ್ಕು ವರ್ಷದೊಳಗೆ ಮರಳಿ ಬಂದು ಓದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದಿಂದ ಅನುಮತಿ ಪಡೆದುಕೊಂಡೇ ಹೊರಟರು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಟಾರ್ಪಿಡೊ ದಾಳಿಗೆ ಸಿಕ್ಕಿ ಸಮುದ್ರ ಸೇರಿದವು. ಅನುಮತಿ ಮಾತ್ರ ಉಳಿಯಿತು.

ಬರೋಡದಲ್ಲಿ ನಡೆದದ್ದು ನಿಮಗೆಲ್ಲ ಗೊತ್ತೇ ಇದೆ. ಜವಾನರು ಫೈಲನ್ನು ದೂರದಿಂದ ಎಸೆಯುತ್ತಿದ್ದರು. ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದ ಹೊರಹಾಕಿದರು. ಆ ಕಥೆಯನ್ನು ಅವಮಾನದ ಕಥೆಯಾಗಿ ಹೇಳುತ್ತೇವೆ, ಸರಿಯೇ. ಆದರೆ ಆ ದಿನಗಳಲ್ಲೂ ಆ ನಾಲ್ಕು ವರ್ಷದ ಗಡುವು ಓಡುತ್ತಲೇ ಇತ್ತು ಎಂಬುದನ್ನು ಯಾರೂ ಹೇಳುವುದಿಲ್ಲ. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದರು. ಇತ್ತ ರಮಾಬಾಯಿಯವರು ಚಾಳಿನ ಕೋಣೆಯಲ್ಲಿ ಇದ್ದುದರಲ್ಲೇ ಸಂಸಾರ ತೂಗಿಸಿದರು. ಗೆಳೆಯ ನವಲ್ ಭಾತೇನಾ ಸಾಲ ಕೊಟ್ಟರು, ಕೊಲ್ಹಾಪುರದ ಶಾಹು ಮಹಾರಾಜರು ನೆರವಾದರು. 1920ರಲ್ಲಿ, ಗಡುವು ಮುಗಿಯುವ ಮುಂಚೆ, ಮತ್ತೆ ಲಂಡನ್.

ಹೊಟ್ಟೆ ಕಟ್ಟಿ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯದಲ್ಲಿ ಓದಿ 1921ರಲ್ಲಿ ಎಂ.ಎಸ್ಸಿ. ಪಡೆದರು. ಅಷ್ಟಕ್ಕೇ ಬಿಡದೆ ಜರ್ಮನಿಯ ಬಾನ್ ವಿಶ್ವವಿದ್ಯಾಲಯಕ್ಕೂ ಜರ್ಮನ್ ಭಾಷೆಯಲ್ಲೇ ಸ್ವಂತ ಕೈಬರಹದ ಅರ್ಜಿ ಹಾಕಿದರು. 1922ರಲ್ಲಿ ಅಲ್ಲಿ ಹೆಸರು ನೋಂದಣಿಯೂ ಆಯಿತು. ಆದರೆ ತರಗತಿಗೆ ಹೋಗಲಾಗಲಿಲ್ಲ, ಹೆಸರು ತೆಗೆದುಹಾಕಿದರು. ಬಾಬಾಸಾಹೇಬರು ಹಾಕಿದ ಅರ್ಜಿಗಳಲ್ಲಿ ಇಂಥದ್ದೂ ಒಂದಿದೆ.

1922ರ ಅಕ್ಟೋಬರಿನಲ್ಲಿ ರೂಪಾಯಿಯ ಸಮಸ್ಯೆ ಕುರಿತ ಡಿ.ಎಸ್ಸಿ. ಪ್ರಬಂಧ ಒಪ್ಪಿಸಿದರು. ಬ್ರಿಟಿಷ್ ಸರ್ಕಾರದ ಹಣಕಾಸು ನೀತಿಯನ್ನು ಅದು ನೇರವಾಗಿ ಟೀಕಿಸುತ್ತಿತ್ತು. ಪರೀಕ್ಷಕರು ತಿದ್ದಿ ಬರೆಯಿರಿ ಎಂದು 1923ರ ಮಾರ್ಚಿನಲ್ಲಿ ವಾಪಸು ಕೊಟ್ಟರು. ಹಣ ಮುಗಿದಿದ್ದರಿಂದ ಅವರು ಮುಂಬಯಿಗೆ ಬಂದರು, ಅಲ್ಲೇ ಕೂತು ತಿದ್ದಿದರು. ಮಾತಿನ ಧಾಟಿ ಬದಲಾಯಿತೇ ಹೊರತು ತೀರ್ಮಾನಗಳು ಬದಲಾಗಲಿಲ್ಲ. ಅದೇ ವರ್ಷದ ಕೊನೆಗೆ ಪದವಿ ಬಂತು. ಮಾರ್ಗದರ್ಶಕ ಎಡ್ವಿನ್ ಕ್ಯಾನನ್ ಅವರು ಆ ಪುಸ್ತಕಕ್ಕೆ ಮುನ್ನುಡಿ ಬರೆದರು. ತಮ್ಮ ಶಿಷ್ಯನ ಹಲವು ಅಭಿಪ್ರಾಯಗಳನ್ನು ತಾವು ಒಪ್ಪುವುದಿಲ್ಲ ಎಂದು ಮುನ್ನುಡಿಯಲ್ಲೇ ಹೇಳಿ, ಅವನ ಹೊಸ ಯೋಚನೆಯನ್ನು ಮೆಚ್ಚಿಕೊಂಡರು. ಅಂಥ ಗೈಡ್ ಸಿಗುವುದೂ ಭಾಗ್ಯವೇ ಬಿಡಿ.

ಹಾಗಾದರೆ 1916ರಲ್ಲಿ ಕೊಲಂಬಿಯಾಕ್ಕೆ ಒಪ್ಪಿಸಿದ ಪ್ರಬಂಧ ಏನಾಯಿತು? ಪ್ರಬಂಧವನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಪದವಿ ಕೊಡುವುದು ಅಲ್ಲಿಯ ನಿಯಮವಾಗಿತ್ತು. ಅಚ್ಚು ಹಾಕಿಸಲು ಹಣ ಬೇಕಲ್ಲ. 1925ರಲ್ಲಿ, ಪ್ರಾಂತೀಯ ಹಣಕಾಸಿನ ಬೆಳವಣಿಗೆ ಕುರಿತ ಪುಸ್ತಕವಾಗಿ, ಅದು ಹೊರಬಂತು. ಅದನ್ನು ಅವರು ಅರ್ಪಿಸಿದ್ದು ಸಯಾಜಿರಾವ್ ಅವರಿಗೆ. 1926ರಲ್ಲಿ ಮುದ್ದಿನ ಮಗ ರಾಜರತ್ನ ತೀರಿಕೊಂಡ. 1927ರ ಮಾರ್ಚಿನಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದರು. ಆ ಜೂನಿನಲ್ಲಿ ಕೊಲಂಬಿಯಾದ ಪಿಎಚ್.ಡಿ. ಅಧಿಕೃತವಾಗಿ ಅವರ ಹೆಸರಿಗಾಯಿತು. ಪ್ರಬಂಧ ಒಪ್ಪಿಸಿ ಹನ್ನೊಂದು ವರ್ಷವಾಗಿತ್ತು. ಅವರಿಗೆ ಆಗ 36.

ತಂಗಿ, ನೀನೂ ಈ ಗುಂಪಿನಲ್ಲಿದ್ದೀಯ, ಓದುತ್ತೀಯೆಂದು ಗೊತ್ತು. ಹಳೆಯ ಪ್ರಸ್ತಾವನೆ ಎಸೆಯಬೇಡ. ಬರುವ ಭಾನುವಾರ ವಂದನೆಗೆ ಅರ್ಧ ಗಂಟೆ ಮುಂಚೆ ಅದನ್ನು ತಗೊಂಡು ಬಾ. ನಮ್ಮಲ್ಲಿ ನಿವೃತ್ತ ಮೇಷ್ಟ್ರು ಇಬ್ಬರಿದ್ದಾರೆ, ಅವರೂ ದಯವಿಟ್ಟು ಬೇಗ ಬರಬೇಕು. ಎಲ್ಲಿ ತಿದ್ದಬೇಕು, ಎಲ್ಲಿ ತಿದ್ದಬಾರದು, ಒಟ್ಟಿಗೆ ಕೂತು ನೋಡೋಣ. ಅರ್ಜಿ ಶುಲ್ಕದ ವಿಷಯ ಬಳಗಕ್ಕೆ ಬಿಡು.

ಜೈ ಭೀಮ್.