ಐಲೆನ್‌ಬುರ್ಗಿನ ಬೋಧಕನಾದ ಮಾರ್ಟಿನ್ ರಿಂಕಾರ್ಟನ ಚರಿತ್ರೆ

ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಮೇಲೆ ಯೆಹೋಶುವನು ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿ, ಇವುಗಳ ಅರ್ಥವೇನೆಂದು ಮಕ್ಕಳು ಕೇಳುವಾಗ ನಡೆದ ಸಂಗತಿಯನ್ನು ಅವರಿಗೆ ತಿಳಿಸಬೇಕೆಂದು ಆಜ್ಞಾಪಿಸಿದ್ದನ್ನು ನಾವು ಸತ್ಯವೇದದಲ್ಲಿ ಓದುತ್ತೇವೆ. ಜ್ಞಾಪಕಾರ್ಥವಾಗಿ ಕಲ್ಲು ನಿಲ್ಲಿಸುವ ಪದ್ಧತಿ ನಮ್ಮ ದೇಶದಲ್ಲಿಯೂ ಹಳೆಯದು. ಅನೇಕ ಊರುಗಳ ಹೊರಗೆ ವೀರಗಲ್ಲುಗಳು ಈಗಲೂ ನಿಂತಿವೆ. ಆದರೆ ಒಂದೇ ವರುಷದಲ್ಲಿ ಸಾವಿರಾರು ಜನರು ಸತ್ತು, ಒಬ್ಬೊಬ್ಬರಿಗೆ ಕಲ್ಲಿಡುವದಕ್ಕೆ ಹಣವೂ ಕೈಗಳೂ ಸಾಲದೆ ಹೋದ ಪಟ್ಟಣವು ಏನು ಮಾಡೀತು? ಅಂಥ ಒಂದು ಪಟ್ಟಣದಿಂದ ಒಂದು ಸಂಗೀತವು ಹೊರಟು, ಕಲ್ಲಿನ ಕೆಲಸವನ್ನು ಮಾಡುತ್ತಾ ಬಂದಿದೆ. ಅದನ್ನು ಬರೆದ ಮಾರ್ಟಿನ್ ರಿಂಕಾರ್ಟನ ಚರಿತ್ರೆಯನ್ನು ಈ ತಿಂಗಳು ನಮ್ಮ ಓದುಗರ ಮುಂದೆ ಇಡುತ್ತೇವೆ.

ಜರ್ಮನಿಯ ಸಾಕ್ಸನಿ ಸೀಮೆಯಲ್ಲಿ, ಲೈಪ್ಜಿಗ್ ಪಟ್ಟಣದಿಂದ ಸುಮಾರು 20 ಕಿಲೋಮೀಟರು ದೂರದಲ್ಲಿ, ಮುಲ್ಡೆ ಎಂಬ ಹೊಳೆಯ ದಡದಲ್ಲಿ ಐಲೆನ್‌ಬುರ್ಗ್ ಎಂಬ ಊರಿದೆ. ಅಲ್ಲಿ 1586ನೆಯ ಇಸವಿ ಏಪ್ರಿಲ್ 23ರಂದು ಮರದ ಪೀಪಾಯಿಗಳನ್ನು ಮಾಡುವ ಒಬ್ಬ ಕಸುಬಿನವನ ಮನೆಯಲ್ಲಿ ರಿಂಕಾರ್ಟನು ಹುಟ್ಟಿದನು. ಹುಡುಗನಿಗೆ ಒಳ್ಳೇ ಕಂಠವಿದ್ದದರಿಂದ 1601ರಲ್ಲಿ ಲೈಪ್ಜಿಗಿನ ಸಂತ ತೋಮನ ಶಾಲೆಯಲ್ಲಿ ಅವನಿಗೆ ಸ್ಥಳ ಸಿಕ್ಕಿತು. ಆರಾಧನೆಯಲ್ಲಿ ಮಾತ್ರವಲ್ಲ, ಪಟ್ಟಣದ ಶವಸಂಸ್ಕಾರಗಳಲ್ಲಿಯೂ ಹಾಡುವದು ಆ ಶಾಲೆಯ ಹುಡುಗರ ಕೆಲಸವಾಗಿತ್ತು. ಹೀಗೆ ಸಮಾಧಿಯ ಅಂಚಿನಲ್ಲಿ ನಿಂತು ಇತರರೊಡನೆ ಸ್ವರ ಕೂಡಿಸಿ ಹಾಡುವದನ್ನು ಅವನು ಬಾಲ್ಯದಲ್ಲಿಯೇ ಕಲಿತನು. ಬಳಿಕ ದೇವಶಾಸ್ತ್ರವನ್ನು ಓದಿ, ಲೂಥರನ ಜನ್ಮಸ್ಥಾನವಾದ ಐಸ್ಲೇಬೆನ್ ಪಟ್ಟಣದಲ್ಲಿ 1610ರಲ್ಲಿ ಗಾಯಕವೃಂದದ ನಾಯಕನೂ ಉಪಾಧ್ಯಾಯನೂ ಆಗಿ, ಆಮೇಲೆ ಒಂದು ಹಳ್ಳಿಯ ಸಭೆಯನ್ನು ನಡಿಸಿ, 1617ರಲ್ಲಿ ತನ್ನ ಹುಟ್ಟೂರಿಗೇ ಬೋಧಕನಾಗಿ ಹಿಂದಿರುಗಿದನು.

ಅದರ ಮರುವರುಷವೇ, ಅಂದರೆ 1618ರಲ್ಲಿ, ಮೂವತ್ತು ವರುಷಗಳ ಯುದ್ಧವು ಆರಂಭವಾಯಿತು. ಅರಸರೂ ಸೈನ್ಯಗಳೂ ಜರ್ಮನ್ ದೇಶವನ್ನು ಅತ್ತಿಂದಿತ್ತ ತುಳಿದವು. ಬೆಳೆ ಸುಟ್ಟುಹೋಯಿತು; ದನಕರುಗಳು ಸೂರೆಯಾದವು. ಐಲೆನ್‌ಬುರ್ಗಿಗೆ ಕೋಟೆಗೋಡೆ ಇದ್ದದರಿಂದ ಸುತ್ತಲಿನ ಹಳ್ಳಿಗಳ ಜನರು ಪ್ರಾಣ ಉಳಿಸಿಕೊಳ್ಳುವದಕ್ಕೆ ಅದರೊಳಗೆ ಓಡಿಬಂದರು. ಇಕ್ಕಟ್ಟಾದ ಬೀದಿಗಳು ತುಂಬಿಹೋದವು. ರಿಂಕಾರ್ಟನ ಮನೆಯಲ್ಲಿ ಸಿಪಾಯಿಗಳು ಬೀಡುಬಿಟ್ಟು, ಅವನು ಕೂಡಿಟ್ಟಿದ್ದ ಧಾನ್ಯವನ್ನು ದೋಚಿದರು.

ಹೀಗಿರಲಾಗಿ 1637ರಲ್ಲಿ ಮಹಾಮಾರಿಯು ಆ ಪಟ್ಟಣವನ್ನು ಹೊಕ್ಕಿತು. ಹಿರಿಯ ಸಭಾಧ್ಯಕ್ಷನು ಊರು ಬಿಟ್ಟು ಹೋದನು. ಉಳಿದ ಬೋಧಕರಿಬ್ಬರು ರೋಗದಿಂದ ಸತ್ತರು. ಅವರನ್ನೂ ರಿಂಕಾರ್ಟನೇ ಮಣ್ಣುಮಾಡಿದನು. ಆಮೇಲೆ ಇಡೀ ಪಟ್ಟಣಕ್ಕೆ ಅವನೊಬ್ಬನೇ ಬೋಧಕನು. ಕೆಲವು ದಿನಗಳಲ್ಲಿ 40, 50 ಶವಗಳ ಮುಂದೆ ಅವನು ಪ್ರಾರ್ಥನೆ ಮಾಡಬೇಕಾಯಿತು. ಹೀಗೆ ಅವನು ಸಮಾಧಿಗೆ ಒಪ್ಪಿಸಿದವರ ಸಂಖ್ಯೆ ಸುಮಾರು 4,480. ಕೊನೆಗೆ ಒಬ್ಬೊಬ್ಬರಿಗೆ ಕುಣಿ ತೋಡಲಾರದೆ, ಉದ್ದವಾದ ಅಗಳುಗಳಲ್ಲಿ ಪ್ರಾರ್ಥನೆಯೂ ಇಲ್ಲದೆ ಶವಗಳನ್ನು ಹೂಣಿಟ್ಟರು. ಸತ್ತವರು ಒಟ್ಟು ಸುಮಾರು 8,000 ಮಂದಿ ಎಂದು ಹೇಳುತ್ತಾರೆ. ಅದೇ ವರುಷದ ಮೇ ತಿಂಗಳಲ್ಲಿ ರಿಂಕಾರ್ಟನ ಹೆಂಡತಿಯೂ ತೀರಿಕೊಂಡಳು.

ಮಹಾಮಾರಿಯ ಹಿಂದೆಯೇ ಬರಗಾಲವು ಬಂತು. ಬೀದಿಯಲ್ಲಿ ಬಿದ್ದ ಒಂದು ಸತ್ತ ಬೆಕ್ಕಿಗಾಗಿ ಅಥವಾ ಕಾಗೆಗಾಗಿ ಮೂವತ್ತು ನಾಲ್ವತ್ತು ಜನರು ಹೊಡೆದಾಡಿಕೊಳ್ಳುತ್ತಿದ್ದರೆಂದು ಚರಿತ್ರೆಯಲ್ಲಿ ಬರೆದಿದೆ. ರಿಂಕಾರ್ಟನು ತನ್ನ ಮಕ್ಕಳಿಗೆ ಜೀವ ಹಿಡಿಯುವಷ್ಟನ್ನು ಮಾತ್ರ ಇಟ್ಟುಕೊಂಡು, ಉಳಿದದ್ದನ್ನೆಲ್ಲಾ ಬಾಗಿಲಿಗೆ ಬಂದವರಿಗೆ ಹಂಚಿದನು. ಮುಂದಿನ ವರುಷಗಳ ಸಂಬಳವನ್ನು ಒತ್ತೆಯಿಟ್ಟು ಸಾಲ ಮಾಡುವ ಸ್ಥಿತಿಯೂ ಅವನಿಗೆ ಬಂತು.

1639ರಲ್ಲಿ ಸ್ವೀಡನ್ ದೇಶದ ಸೈನ್ಯವು ಬಂದು, ಹಸಿವಿನಿಂದ ಕಂಗೆಟ್ಟ ಆ ಪಟ್ಟಣದ ಮೇಲೆ 30,000 ತಾಲರ್ ನಾಣ್ಯಗಳ ದಂಡವನ್ನು ಹೊರಿಸಿತು. ರಿಂಕಾರ್ಟನು ಸೇನಾಧಿಕಾರಿಯ ಬಳಿಗೆ ಹೋಗಿ ಬೇಡಿಕೊಂಡರೂ ಅವನು ಕಿವಿಗೊಡಲಿಲ್ಲ. ಮನುಷ್ಯರಲ್ಲಿ ಕರುಣೆ ದೊರೆಯದೆ ಹೋದದ್ದರಿಂದ ಬೋಧಕನು ಸಭೆಯವರನ್ನು ದೇವರ ಕಡೆಗೆ ಕರೆದನು. ಗಂಟೆ ಬಾರಿಸಿತು, ಅಳಿದುಳಿದ ಜನರು ಕೂಡಿಬಂದರು. ಕಡುಕಷ್ಟದಲ್ಲಿ ದೇವರಿಗೆ ಮೊರೆಯಿಡುವದಕ್ಕಾಗಿ ಪೌಲ್ ಏಬರನು ಹಿಂದಿನ ಶತಮಾನದಲ್ಲಿ ಬರೆದಿದ್ದ ಸಂಗೀತವನ್ನು ಅವರೆಲ್ಲರೂ ಹಾಡಿದರು. ಬೋಧಕನು ಮೊಣಕಾಲೂರಿ ಪ್ರಾರ್ಥಿಸಿದನು. ಇದನ್ನು ಕಂಡು ಸೇನಾಧಿಕಾರಿಯ ಮನಸ್ಸು ಕರಗಿ, ದಂಡವು ಕೊನೆಗೆ 2,000 ಗುಲ್ಡನ್‌ಗಳಿಗೆ ಇಳಿಯಿತೆಂದು ಚರಿತ್ರೆಕಾರರು ಹೇಳುತ್ತಾರೆ.

ಇನ್ನು ರಿಂಕಾರ್ಟನ ಸಂಗೀತದ ವಿಷಯ. ಅದರ ಜರ್ಮನ್ ಹೆಸರು ನೂನ್ ದಾಂಕೆಟ್ ಆಲ್ಲೆ ಗೋಟ್. ಎಲ್ಲರೂ ಕೂಡಿ ದೇವರಿಗೆ ಕೃತಜ್ಞತೆಯನ್ನು ಸಲ್ಲಿಸಬೇಕೆಂಬ ಕರೆಯೇ ಅದರ ತಾತ್ಪರ್ಯ. ಸಿರಾಕನ ಪುಸ್ತಕದ 50ನೆಯ ಅಧ್ಯಾಯವು ಅದರ ಮೂಲ. ಯುದ್ಧ ಮುಗಿದ ಸಂತೋಷದಲ್ಲಿ ಅವನು ಅದನ್ನು ಬರೆದನೆಂದು ಜನರು ಹೇಳುವದುಂಟು. ಆದರೆ ಅದು 1636ರ ಅವನ ಪ್ರಾರ್ಥನಾಪುಸ್ತಕದಲ್ಲಿಯೇ, ಊಟದ ಹೊತ್ತಿನ ಚಿಕ್ಕ ಪ್ರಾರ್ಥನೆಯಾಗಿ ಇತ್ತೆಂದು ಶೋಧಿಸಿದವರು ಎಣಿಸುತ್ತಾರೆ. ಹಾಗಾದರೆ ಅವನು ಕಷ್ಟವೆಲ್ಲಾ ತೀರಿದ ಮೇಲೆ ಸ್ತೋತ್ರ ಮಾಡಿದವನಲ್ಲ. ಮೊದಲು ಸ್ತೋತ್ರವನ್ನು ಬರೆದನು. ಮರುವರುಷ ಆ 4,480 ಸಮಾಧಿಗಳ ಬಳಿ ನಿಂತನು. ಹೆಂಡತಿಯಿಲ್ಲದ ಮೇಜಿನ ಮುಂದೆ ಕೂತನು. ತನ್ನ ಬಾಯಿಂದ ಹೊರಟ ಮಾತುಗಳೇ ಅವನನ್ನು ಶೋಧಿಸಿದವು ಎನ್ನಬೇಕು.

ಇಲ್ಲಿ ನಮ್ಮ ಓದುಗರಲ್ಲಿ ಕೆಲವರಿಗೆ ಸಂಶಯ ಹುಟ್ಟಬಹುದು. ಹೆಂಡತಿಯನ್ನೋ ಮಗುವನ್ನೋ ಮಣ್ಣುಮಾಡಿ ಬಂದವನಿಗೆ ಸ್ತೋತ್ರ ಹಾಡೆಂದು ಹೇಳುವದು ಕಠಿಣವಲ್ಲವೇ? ಹೌದು, ಒಬ್ಬನಿಗೇ ಹೇಳಿದರೆ ಕಠಿಣವೇ. ಆದರೆ ಈ ಸಂಗೀತವು ಒಬ್ಬನನ್ನು ಕುರಿತು ಹೇಳದೆ ಎಲ್ಲರನ್ನೂ ಕರೆಯುತ್ತದೆ. ದುಃಖದಿಂದ ಕೊರಳು ಕಟ್ಟಿದವನು ಸುಮ್ಮನಿದ್ದರೂ ನೆರೆಯವನು ಸಾಲನ್ನು ಬಿಡದೆ ಎತ್ತಿಕೊಳ್ಳುತ್ತಾನೆ. ನಾಳೆ ಆ ನೆರೆಯವನ ಮನೆಯಲ್ಲಿ ದುಃಖ ಬಂದಾಗ ಇವನು ಎತ್ತಿಕೊಳ್ಳುತ್ತಾನೆ. ಅಲ್ಲದೆ ಸ್ತೋತ್ರವನ್ನು ಕಲಿಸಿದ ರಿಂಕಾರ್ಟನೇ ಆಪತ್ತಿನಲ್ಲಿ ಮೊರೆಯ ಹಾಡನ್ನು ಹಾಡಿಸಿದನೆಂಬದನ್ನು ಮರೆಯಬಾರದು. ಕೀರ್ತನೆಗಳ ಪುಸ್ತಕದಲ್ಲಿಯೂ ಪ್ರಲಾಪವೂ ಸ್ತೋತ್ರವೂ ಅಕ್ಕಪಕ್ಕದಲ್ಲಿವೆ.

ಈ ಮಾತುಗಳಿಗೆ ರಾಗವನ್ನು ಕೊಟ್ಟವನು ಬರ್ಲಿನಿನ ಯೋಹಾನ್ ಕ್ರ್ಯೂಗರನೆಂದು ಎಣಿಸುತ್ತಾರೆ. ಅವನೂ ಅದೇ ಯುದ್ಧಕಾಲದಲ್ಲಿ ರೋಗಬಿದ್ದು, ಹೆಂಡತಿಯನ್ನೂ ಐದು ಮಕ್ಕಳನ್ನೂ ಕಳಕೊಂಡವನು. 1647ರಲ್ಲಿ ಅವನ ಸಂಗೀತಪುಸ್ತಕದಲ್ಲಿ ಆ ರಾಗವು ಅಚ್ಚಾಯಿತು. 1648ನೆಯ ಅಕ್ಟೋಬರ 24ರಂದು ಸಮಾಧಾನದ ಒಡಂಬಡಿಕೆಗೆ ರುಜುವಾಯಿತು. ರಿಂಕಾರ್ಟನು ಅದನ್ನು ಕಣ್ಣಾರೆ ಕಂಡು, 1649ನೆಯ ದಶಂಬರ 8ರಂದು ಐಲೆನ್‌ಬುರ್ಗಿನಲ್ಲಿಯೇ ನಿದ್ರೆಹೋದನು. ಅವನ ಮನೆಯ ಗೋಡೆಗೆ ಜ್ಞಾಪಕದ ಫಲಕವು ಬಂದದ್ದು 1886ರಲ್ಲಿ. ಅಷ್ಟರೊಳಗೆ ಸಂಗೀತವು ಲೋಕವನ್ನೇ ಸುತ್ತಿತ್ತು.

ಹುಡುಗನಾಗಿದ್ದಾಗ ರಿಂಕಾರ್ಟನು ಹಾಡಿದ ಲೈಪ್ಜಿಗ್ ಪಟ್ಟಣದಲ್ಲಿಯೇ ಬಾಖ್ ಎಂಬ ಪ್ರಸಿದ್ಧ ಸಂಗೀತಗಾರನು 1725ರಲ್ಲಿ ಇದನ್ನು ಗಾಯಕವೃಂದಕ್ಕೆ ಹೊಂದಿಸಿದನು. 1840ರಲ್ಲಿ ಮೆಂಡೆಲ್ಸೋನನು ತನ್ನ ಸ್ತುತಿಗಾನದಲ್ಲಿ ಇದನ್ನು ಸೇರಿಸಿದನು. ಎರಡನೆಯ ಮಹಾಯುದ್ಧದ ಹತ್ತು ವರುಷಗಳ ನಂತರ, 1955ರ ಅಕ್ಟೋಬರದಲ್ಲಿ, ಸೋವಿಯೆತ್ ದೇಶದ ಸೆರೆಯಿಂದ ಬಿಡುಗಡೆಯಾದ ಜರ್ಮನ್ ಸಿಪಾಯಿಗಳು ಫ್ರೀಡ್‌ಲಾಂಟ್ ಶಿಬಿರಕ್ಕೆ ಬಂದಾಗ ಈ ಸಂಗೀತವನ್ನೇ ಹಾಡಿದರು. ತಿರುಗಿ ಬಾರದವರ ಹೆಸರು ಬರೆದ ಹಲಗೆಗಳನ್ನು ಹಿಡಿದ ತಾಯಂದಿರೂ ಆ ಶಿಬಿರದಲ್ಲಿ ಕಾದು ನಿಲ್ಲುತ್ತಿದ್ದರು. ಬಂದವರ ಸಂತೋಷವೂ ಬಾರದವರ ನೆನಪೂ ಒಂದೇ ಸ್ಥಳದಲ್ಲಿ ಕೂಡಿದ್ದವು.

1834ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದ ಮೇಲೆ ಜರ್ಮನ್ ಸಭೆಗಳ ರಾಗಗಳು ನಮ್ಮ ಕನ್ನಡ ಸಭೆಗಳಿಗೂ ಬಂದವು. ಅವುಗಳಲ್ಲಿ ಯುದ್ಧವನ್ನೂ ಮಹಾಮಾರಿಯನ್ನೂ ದಾಟಿ ಬಂದ ರಾಗಗಳು ಉಂಟೆಂಬದನ್ನು ತಿಳಿಯದೆಯೇ ನಾವು ಹಾಡುತ್ತಿರುತ್ತೇವೆ. ಆದಕಾರಣ, ಪ್ರಿಯ ಓದುಗರೇ, ನಮ್ಮ ಹಳ್ಳಿಯಲ್ಲಿ ಸಾವು ಸಂಭವಿಸಿದಾಗ ದುಃಖದ ಮನೆಯವರನ್ನು ಒಂಟಿಯಾಗಿ ಅಳಲಿಕ್ಕೆ ಬಿಡದಿರೋಣ. ಕಲ್ಲು ನಿಲ್ಲಿಸುವ ಶಕ್ತಿ ಇಲ್ಲದ ಬಡವರಾದರೂ ಸಮಾಧಿಯ ಬಳಿ ಕೂಡಿಬಂದು, ಅವರ ಸ್ವರ ನಿಂತಲ್ಲಿ ನಮ್ಮ ಸ್ವರವನ್ನು ಕೂಡಿಸೋಣ. ನಮ್ಮ ಮಕ್ಕಳು ಈ ಹಾಡಿನ ಅರ್ಥವೇನೆಂದು ಕೇಳುವಾಗ, ಸತ್ತವರ ಹೆಸರುಗಳನ್ನೂ ದೇವರು ನಮ್ಮನ್ನು ನಡಿಸಿದ ವಿಧವನ್ನೂ ಅವರಿಗೆ ತಿಳಿಸೋಣ.